ನಾಡಿನ ಹಿರಿಯರ ನೆನಪು ಮತ್ತು ಪ್ರವಾದಿಯ ನುಡಿ: ಮೀಕ–ಯೆರೆಮೀಯ ಪ್ರಸಂಗದ ಒಂದು ಜಾನಪದೀಯ ಅವಲೋಕನ

ಹೀಬ್ರೂ ಪ್ರವಾದಿಗಳ ಸಂದೇಶಗಳನ್ನು ಮುಂದಾಗುವುದನ್ನು ಮೊದಲೇ ಸಾರಿದ ನುಡಿಗಳೆಂದು ಓದುವ ರೂಢಿ ವ್ಯಾಪಕವಾಗಿದೆ. ಕಾಲಜ್ಞಾನ ವಚನಗಳ ಪರಂಪರೆಯನ್ನು ಬಲ್ಲ ಕನ್ನಡ ಓದುಗರಿಗೆ ಈ ಬಗೆಯ ಓದು ಇನ್ನಷ್ಟು ಸಹಜವೆನಿಸುತ್ತದೆ. ಆದರೆ ಹೀಬ್ರೂವಿನಲ್ಲಿ ‘ನಾವೀ’ ಎಂದು ಕರೆಯಲಾದ ಪ್ರವಾದಿಯ ಮುಖ್ಯ ಕಾರ್ಯ ಭವಿಷ್ಯ ನುಡಿಯುವುದಲ್ಲ. ದೇವರ ಪರವಾಗಿ ಒಂದು ನಿರ್ದಿಷ್ಟ ಸಮುದಾಯದ ಎದುರು ನಿಂತು ಮಾತನಾಡುವುದು. ಆ ಮಾತನ್ನು ಅಂದಿನ ಸಮಾಜವೇ ಹೇಗೆ ಅರ್ಥೈಸಿಕೊಂಡಿತ್ತು ಎಂಬುದಕ್ಕೆ ಯೆರೆಮೀಯನ ಗ್ರಂಥದ 26ನೆಯ ಅಧ್ಯಾಯ ಒಂದು ಅಪೂರ್ವ ಸಾಕ್ಷ್ಯ.

ಈ ಪ್ರಸಂಗದ ಮೂಲ ಕ್ರಿ.ಪೂ. ಎಂಟನೆಯ ಶತಮಾನದ ಕೊನೆಯ ಭಾಗದಲ್ಲಿದೆ. ಕ್ರಿ.ಪೂ. 722ರ ಸುಮಾರಿಗೆ ಉತ್ತರದ ಸಮಾರ್ಯ ಪಟ್ಟಣವು ಅಶ್ಶೂರರ ವಶವಾಯಿತು. ಕ್ರಿ.ಪೂ. 701ರಲ್ಲಿ ಸನ್ಹೇರೀಬನ ಸೈನ್ಯ ಯೆಹೂದ ನಾಡಿನ ಲಾಕೀಷ್ ಕೋಟೆಯನ್ನು ಕೆಡವಿತು. ನಿನೆವೆಯ ಅರಮನೆಯ ಗೋಡೆಗಳ ಮೇಲಿದ್ದ ಈ ಮುತ್ತಿಗೆಯ ಉಬ್ಬುಶಿಲ್ಪಗಳನ್ನು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕಾಣಬಹುದು. ಮೀಕನು ಈ ಆತಂಕದ ಕಾಲದವನು. ಯೆಹೂದದ ನೈಋತ್ಯ ತಪ್ಪಲಿನ ಮೋರೆಷೆತ್ ಎಂಬ ಊರಿನವನು. ಪರರ ಹೊಲಮನೆಗಳನ್ನು ಕಿತ್ತುಕೊಳ್ಳುವ ಪ್ರಬಲರನ್ನು, ಲಂಚ ಪಡೆದು ತೀರ್ಪು ಕೊಡುವ ಮುಖಂಡರನ್ನು, ಕೂಲಿಗಾಗಿ ಬೋಧಿಸುವ ಯಾಜಕರನ್ನು ಅವನು ಕಟುವಾಗಿ ಖಂಡಿಸಿದನು. ಇವರ ದೆಸೆಯಿಂದ ಚೀಯೋನ್ ಉಳುಮೆಯ ಹೊಲವಾಗುವುದೆಂದೂ, ಯೆರೂಸಲೇಮ್ ಹಾಳುದಿಬ್ಬವಾಗುವುದೆಂದೂ, ದೇವಾಲಯದ ಗುಡ್ಡ ಕಾಡಾಗುವುದೆಂದೂ ಸಾರಿದನು. ನಗರವನ್ನು ನೇಗಿಲಿನ ಕೆಳಗೆ ತರುವ ಈ ಪ್ರತಿಮೆ ಒಕ್ಕಲು ಬದುಕಿನಿಂದಲೇ ಮೂಡಿದ್ದು. ಚಿಕ್ಕದಾದ, ಸಮಾಂತರ ಸಾಲುಗಳ ಈ ರಚನೆ ನಾಲಗೆಯ ಮೇಲೆ ಸುಲಭವಾಗಿ ನಿಲ್ಲುವಂಥದು.

ಸುಮಾರು ನೂರು ವರ್ಷಗಳ ನಂತರ ಈ ನುಡಿ ಮತ್ತೆ ಕೇಳಿಬರುತ್ತದೆ. ಕ್ರಿ.ಪೂ. 609ರಲ್ಲಿ ಅರಸನಾದ ಯೋಷೀಯನು ಮೆಗಿದ್ದೋವಿನಲ್ಲಿ ಮಡಿದನು; ಅದೇ ವರ್ಷ ಯೆಹೋಯಾಕೀಮನು ಈಜಿಪ್ಟಿನ ಆಸರೆಯಿಂದ ಪಟ್ಟವೇರಿದನು. ಅವನ ಆಳ್ವಿಕೆಯ ಆರಂಭದಲ್ಲಿ ಅನಾತೋತಿನ ಯೆರೆಮೀಯನು ದೇವಾಲಯದ ಅಂಗಳದಲ್ಲಿ ನಿಂತು, ಜನರು ತಮ್ಮ ನಡೆ ತಿದ್ದಿಕೊಳ್ಳದಿದ್ದರೆ ಈ ಆಲಯಕ್ಕೂ ಹಿಂದೆ ಹಾಳಾದ ಶಿಲೋವಿನ ಗತಿಯೇ ಬರುವುದೆಂದನು. ಯಾಜಕರೂ ಇತರ ಪ್ರವಾದಿಗಳೂ ಅವನನ್ನು ಹಿಡಿದು ಮರಣದಂಡನೆಗೆ ಒತ್ತಾಯಿಸಿದರು. ಅರಮನೆಯ ಅಧಿಕಾರಿಗಳು ದೇವಾಲಯದ ಹೊಸ ಬಾಗಿಲಲ್ಲಿ ವಿಚಾರಣೆಗೆ ಕುಳಿತರು. ಆರೋಪಿಯ ಪ್ರಾಣ ಆ ಸಭೆಯ ಕೈಯಲ್ಲಿತ್ತು.

ಆಗ ನಾಡಿನ ಹಿರಿಯರಲ್ಲಿ ಕೆಲವರು ಎದ್ದುನಿಂತು ಮೀಕನ ನುಡಿಯನ್ನು ಅವನ ಹೆಸರು ಹಿಡಿದು ಸಭೆಗೆ ನೆನಪಿಸಿದರು. ಅರಸನಾದ ಹಿಜ್ಕೀಯನು ಮೀಕನನ್ನು ಕೊಲ್ಲಲಿಲ್ಲ. ಬದಲಾಗಿ ದೇವರಿಗೆ ಅಂಜಿ ಬೇಡಿಕೊಂಡನು, ವಿಪತ್ತು ತಪ್ಪಿತು ಎಂಬುದು ಅವರ ವಾದ. ಪ್ರವಾದಿಗಳ ಗ್ರಂಥಗಳಲ್ಲಿ ಒಬ್ಬ ಪ್ರವಾದಿಯ ನುಡಿಯನ್ನು ಅವನ ಹೆಸರಿನೊಡನೆ ಉಲ್ಲೇಖಿಸಿರುವುದು ಇಲ್ಲಿ ಮಾತ್ರ. ಮಾತು ಮೀಕನ ಗ್ರಂಥದ 3ನೆಯ ಅಧ್ಯಾಯದಲ್ಲಿರುವಂತೆಯೇ ಇದೆ. ‘ಹಾಳುದಿಬ್ಬಗಳು’ ಎಂಬ ಪದದ ಬಹುವಚನವಷ್ಟೇ ಮೀಕನಲ್ಲಿ ‘ಇಯ್ಯೀನ್’ ಎಂದೂ ಯೆರೆಮೀಯನಲ್ಲಿ ‘ಇಯ್ಯೀಮ್’ ಎಂದೂ ಬೇರೆಯಾಗಿದೆ. ಅಧ್ಯಾಯದ ಈಗಿನ ರೂಪ ನಂತರದ ಸಂಪಾದಕರ ಕೈಯಲ್ಲಿ ಸಿದ್ಧವಾದುದೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಹಾಗಿದ್ದರೂ ನ್ಯಾಯಸಭೆಯಲ್ಲಿ ಹಳೆಯ ನುಡಿಯೊಂದು ಪೂರ್ವನಿದರ್ಶನವಾಗಿ ಬಳಕೆಯಾಗುವ ಬಗೆಯನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ.

ಜಾನಪದ ಅಧ್ಯಯನದ ದೃಷ್ಟಿಯಿಂದ ಇಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ಹಿಜ್ಕೀಯನು ಆ ನುಡಿಗೆ ಹೇಗೆ ಓಗೊಟ್ಟನೆಂಬುದನ್ನು ಮೀಕನ ಗ್ರಂಥ ಎಲ್ಲಿಯೂ ಹೇಳುವುದಿಲ್ಲ. ಗ್ರಂಥದಲ್ಲಿ ಪಠ್ಯ ಮಾತ್ರ ಉಳಿದಿದೆ. ಆ ಮಾತು ಯಾರ ಎದುರು ನುಡಿಯಲ್ಪಟ್ಟಿತು, ಅದರಿಂದ ಏನಾಯಿತು ಎಂಬ ಸಂದರ್ಭ ಹಿರಿಯರ ನೆನಪಿನಲ್ಲಿದೆ. ಎರಡನೆಯದಾಗಿ, ನುಡಿದದ್ದು ನಡೆಯದಿದ್ದರೆ ಅದು ದೇವರ ಮಾತಲ್ಲವೆಂಬ ಅಳತೆಗೋಲು ಧರ್ಮೋಪದೇಶಕಾಂಡದ 18ನೆಯ ಅಧ್ಯಾಯದಲ್ಲಿದೆ. ಈ ಅಳತೆಯಿಂದ ನೋಡಿದರೆ ವಿಚಾರಣೆಯ ದಿನದವರೆಗೆ ಮೀಕನು ಸುಳ್ಳು ಪ್ರವಾದಿಯೇ ಸರಿ. ಏಕೆಂದರೆ ಯೆರೂಸಲೇಮ್ ಇನ್ನೂ ನಿಂತಿತ್ತು. ಹಿರಿಯರಾದರೋ ಹಾಗೆ ಎಣಿಸಲಿಲ್ಲ. ನಗರ ಉಳಿದಿರುವುದೇ ಮೀಕನ ಮಾತು ಫಲಿಸಿದ್ದಕ್ಕೆ ಗುರುತು ಎಂದು ಅವರು ತಿಳಿದರು. ಯೆರೆಮೀಯನ ಗ್ರಂಥದ 18ನೆಯ ಅಧ್ಯಾಯದಲ್ಲಿ ಬರುವ ಕುಂಬಾರನ ಮನೆಯ ದೃಷ್ಟಾಂತದ ತಾತ್ಪರ್ಯವೂ ಇದೇ: ಜನ ತಿರುಗಿಕೊಂಡರೆ ಸಾರಿದ ಕೇಡೂ ಹಿಂದೆಗೆಯುತ್ತದೆ. ಹೀಗಾಗಿ ಪ್ರವಾದಿಯ ನುಡಿ ಕೇಳುಗರನ್ನು ಎಚ್ಚರಿಸಿ ತಿದ್ದಲೆಂದು ಆಡಿದ ಮಾತು.

ಆದರೆ ಸಮುದಾಯದ ನೆನಪು ಎಲ್ಲರನ್ನೂ ಕಾಯಲಿಲ್ಲ. ಇದೇ ಅಧ್ಯಾಯದಲ್ಲಿ ಊರೀಯನೆಂಬ ಇನ್ನೊಬ್ಬ ಪ್ರವಾದಿಯ ಕಥೆಯಿದೆ. ಅವನೂ ಯೆರೆಮೀಯನಂತೆಯೇ ನುಡಿದು, ಹೆದರಿ ಈಜಿಪ್ಟಿಗೆ ಓಡಿದನು. ಯೆಹೋಯಾಕೀಮನು ಅವನನ್ನು ಅಲ್ಲಿಂದ ಹಿಡಿದು ತರಿಸಿ ಕೊಲ್ಲಿಸಿದನು. ಯೆರೆಮೀಯನು ಉಳಿದದ್ದಕ್ಕೆ ಹಿರಿಯರ ಮಾತಿನ ಜೊತೆಗೆ ಶಾಫಾನನ ಮಗನಾದ ಅಹೀಕಾಮನ ಬೆಂಬಲವೂ ಕಾರಣವಾಯಿತೆಂದು ಅಧ್ಯಾಯದ ಕೊನೆ ತಿಳಿಸುತ್ತದೆ. ನೆನಪಿಗೆ ಅಧಿಕಾರದ ಆಸರೆಯೂ ಬೇಕಾಗುತ್ತದೆ ಎಂಬ ಸತ್ಯವನ್ನು ಈ ನಿರೂಪಣೆ ಮರೆಮಾಚುವುದಿಲ್ಲ.

ಕ್ರಿ.ಪೂ. 587–86ರಲ್ಲಿ ಬಾಬಿಲೋನಿಯದ ಸೈನ್ಯ ಯೆರೂಸಲೇಮನ್ನೂ ಅದರ ದೇವಾಲಯವನ್ನೂ ಸುಟ್ಟುಹಾಕಿತು. ಮೀಕನ ನುಡಿ ಆಗ ನೆರವೇರಿತೆಂದು ನಂತರದ ಓದು ಹೇಳಬಹುದು. ಆದರೆ ಆ ನುಡಿ ಸತ್ಯವೆಂದು ತಿಳಿಯಲು ನಾಡಿನ ಹಿರಿಯರಿಗೆ ನಗರ ಸುಡಬೇಕಾಗಿರಲಿಲ್ಲ. ಅದನ್ನು ಕೇಳಿ ಒಬ್ಬ ಅರಸನು ಬದಲಾದನೆಂಬ ನೆನಪೇ ಅವರಿಗೆ ಸಾಕಾಗಿತ್ತು. ಆ ನೆನಪು ಒಬ್ಬ ಪ್ರವಾದಿಯ ಪ್ರಾಣವನ್ನು ಉಳಿಸಲು ನೆರವಾಯಿತು. ಪ್ರವಾದಿಗಳ ಸಂದೇಶವನ್ನು ಅರಿಯಲು ಹೊರಟವರು ‘ಇದು ಯಾವಾಗ ನಡೆಯಿತು’ ಎಂದು ಕೇಳುವ ಮೊದಲು ‘ಇದನ್ನು ಯಾರು ಕೇಳಿದರು, ಕೇಳಿ ಏನು ಮಾಡಿದರು’ ಎಂದು ಕೇಳಬೇಕೆಂಬುದು ಈ ಪ್ರಸಂಗದಿಂದ ವೇದ್ಯವಾಗುತ್ತದೆ.