ಗುಂಡ್ಯ ಜಲವಿದ್ಯುತ್ ಯೋಜನೆ

ಗುಂಡ್ಯ ಜಲವಿದ್ಯುತ್ ಯೋಜನೆಯು ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಪಶ್ಚಿಮ ಘಟ್ಟ ಪ್ರದೇಶದಲ್ಲಿ ಕರ್ನಾಟಕ ವಿದ್ಯುತ್ ನಿಗಮವು ಪ್ರಸ್ತಾಪಿಸಿದ ಯೋಜನೆ. ಇದು ಈವರೆಗೆ ಕಾರ್ಯಗತವಾಗಿಲ್ಲ. ವಿದ್ಯುತ್ತಿನ ಅಗತ್ಯ, ಅರಣ್ಯ ಸಂರಕ್ಷಣೆ ಹಾಗೂ ಸ್ಥಳೀಯರ ಹಕ್ಕು ಇವುಗಳ ನಡುವಿನ ತಿಕ್ಕಾಟಕ್ಕೆ ಉದಾಹರಣೆಯಾಗಿ ಇದನ್ನು ಅಧ್ಯಯನ ಮಾಡಬಹುದಾಗಿದೆ.

ಭೌಗೋಳಿಕ ಹಿನ್ನೆಲೆ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳು ಮಲೆನಾಡಿನ ಅಂಚಿನಲ್ಲಿವೆ. ಇಲ್ಲಿನ ಹೇಮಾವತಿ ನದಿಯು ಪೂರ್ವಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಘಟ್ಟದ ಪಶ್ಚಿಮ ಇಳಿಜಾರಿನ ಹಳ್ಳಗಳು ಗುಂಡ್ಯ ಹೊಳೆಯಾಗಿ ಕುಮಾರಧಾರೆಗೆ, ಮುಂದೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡುತ್ತವೆ. ಅಧಿಕ ಮಳೆ ಹಾಗೂ ಕಡಿದಾದ ಇಳಿಜಾರು ಜಲವಿದ್ಯುತ್ತಿಗೆ ಅನುಕೂಲ. ಆದರೆ ಅದೇ ಕಾರಣಗಳಿಂದ ಇಲ್ಲಿ ದಟ್ಟವಾದ ನಿತ್ಯಹರಿದ್ವರ್ಣ ಕಾಡು ಬೆಳೆದಿದೆ. 1986ರಲ್ಲಿ ವಿವರಿಸಲಾದ 'ಇಂಡಿರಾನಾ ಗುಂಡಿಯಾ' ಎಂಬ ಕಪ್ಪೆಗೆ ಈ ಪ್ರದೇಶದ ಹೆಸರೇ ಬಂದಿದೆ.

ಯೋಜನೆಯ ಸ್ವರೂಪ

ಎತ್ತಿನಹೊಳೆ, ಕೇರಿಹೊಳೆ, ಹೊಂಗಡಹಳ್ಳ ಹಾಗೂ ಬೆಟ್ಟಕುಮರಿ ಹಳ್ಳಗಳ ನೀರನ್ನು ತಡೆದು, ಸುರಂಗಗಳ ಮೂಲಕ ಸಾಗಿಸಿ ವಿದ್ಯುತ್ ಉತ್ಪಾದಿಸುವುದು ಯೋಜನೆಯ ಉದ್ದೇಶ. ಇದರ ಸಾಮರ್ಥ್ಯ 200 ಮೆಗಾವ್ಯಾಟ್ ಎಂದು ನಿಗದಿಪಡಿಸಲಾಗಿತ್ತು. ಮುಳುಗಡೆ ಮತ್ತು ಕಾಮಗಾರಿಗೆ ಸುಮಾರು 750 ಹೆಕ್ಟೇರ್ ಭೂಮಿ ಬೇಕಾಗಿತ್ತು.

ಆರ್ಥಿಕ ವಾದಗಳು

ಜಲವಿದ್ಯುತ್ತಿಗೆ ಇಂಧನದ ವೆಚ್ಚವಿಲ್ಲ; ಬೇಡಿಕೆ ಏರುವ ಸಂಜೆಯ ಹೊತ್ತಿನಲ್ಲಿ ಯಂತ್ರಗಳನ್ನು ಬೇಗನೆ ಚಾಲನೆಗೊಳಿಸಬಹುದು. ಯೋಜನೆಯ ಪರವಾದ ಮುಖ್ಯ ವಾದ ಇದು. ಮಳೆಗಾಲದ ನಂತರ ಹಳ್ಳಗಳ ಹರಿವು ಕುಗ್ಗುವುದರಿಂದ ವರ್ಷವಿಡೀ ಪೂರ್ಣ ಸಾಮರ್ಥ್ಯ ದೊರೆಯದು; ಕಳೆದುಕೊಳ್ಳುವ ಕಾಡು, ಏಲಕ್ಕಿ ಮತ್ತು ಕಾಫಿ ತೋಟಗಳು, ಕೆಳಭಾಗದ ನೀರಿನ ಹರಿವು ಯೂನಿಟ್ ದರದಲ್ಲಿ ಸೇರುವುದಿಲ್ಲ ಎಂಬುದು ವಿರೋಧಿಗಳ ಪ್ರತಿವಾದ. ವಿದ್ಯುತ್ತಿನ ಲಾಭ ದೂರದ ನಗರಗಳಿಗೂ ನಷ್ಟ ಸ್ಥಳೀಯರಿಗೂ ಹಂಚಿಕೆಯಾಗುವುದೇ ವಿವಾದದ ತಿರುಳು.

25 ಮೆಗಾವ್ಯಾಟ್‌ಗಿಂತ ಕಡಿಮೆ ಸಾಮರ್ಥ್ಯದ ಕಿರು ಜಲವಿದ್ಯುತ್ ಘಟಕಗಳಿಗೆ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಅನುಮತಿ ಬೇಕಿಲ್ಲ. ಹೀಗಾಗಿ ಒಂದೇ ಹೊಳೆಯ ಮೇಲಿನ ಹಲವು ಕಿರು ಘಟಕಗಳ ಒಟ್ಟು ಪರಿಣಾಮ ಲೆಕ್ಕಕ್ಕೆ ಬಾರದೆ ಹೋಗಬಹುದು.

ವಿರೋಧ ಮತ್ತು ಸಮಿತಿಗಳು

2008ರಲ್ಲಿ ಹೊಂಗಡಹಳ್ಳದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಗುಂಡ್ಯ ಕಣಿವೆಯ ಜೀವವೈವಿಧ್ಯವನ್ನು ದಾಖಲಿಸಿದರು. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿಯು 2011ರ ವರದಿಯಲ್ಲಿ ಯೋಜನೆಗೆ ಅನುಮತಿ ನೀಡಬಾರದೆಂದು ಶಿಫಾರಸು ಮಾಡಿತು. ಕೆ. ಕಸ್ತೂರಿರಂಗನ್ ನೇತೃತ್ವದ ಉನ್ನತ ಮಟ್ಟದ ಕಾರ್ಯಪಡೆಯು 2013ರಲ್ಲಿ ಸಂಪೂರ್ಣ ನಿಷೇಧವನ್ನು ಸೂಚಿಸಲಿಲ್ಲ. ಕೆಳಭಾಗದ ನೀರಿನ ಹರಿವು ಮತ್ತು ಅರಣ್ಯ ಹಾನಿಯನ್ನು ಮರುಪರಿಶೀಲಿಸುವವರೆಗೆ ಮುಂದುವರಿಯಬಾರದೆಂದಿತು.

ಕಾರ್ಯಪಡೆಯು ಗುರುತಿಸಿದ ಪರಿಸರ ಸೂಕ್ಷ್ಮ ಪ್ರದೇಶವನ್ನು ಕರ್ನಾಟಕ ಸರ್ಕಾರ ಒಪ್ಪಲಿಲ್ಲ. ಅಣೆಕಟ್ಟನ್ನು ವಿರೋಧಿಸುವ ಮಲೆನಾಡಿನಲ್ಲಿಯೇ, ಕೃಷಿಗೆ ನಿರ್ಬಂಧ ಬರುವ ಆತಂಕದಿಂದ ಈ ವರದಿಗೂ ವಿರೋಧ ವ್ಯಕ್ತವಾಯಿತು.

ಎತ್ತಿನಹೊಳೆ ಯೋಜನೆ

ಗುಂಡ್ಯ ಯೋಜನೆಯಲ್ಲಿ ಹೆಸರಿಸಿದ್ದ ಎತ್ತಿನಹೊಳೆ, ಕೇರಿಹೊಳೆ ಮತ್ತು ಹೊಂಗಡಹಳ್ಳಗಳ ನೀರನ್ನು ಪೂರ್ವದ ಬರಪೀಡಿತ ಜಿಲ್ಲೆಗಳಿಗೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಗುರಿ 24 ಟಿಎಂಸಿ. ಇದರ ಮೊದಲ ಹಂತವು 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಗೊಂಡಿತು. ನೀರನ್ನು ಎತ್ತರಕ್ಕೆ ಹತ್ತಿಸಲು ಸುಮಾರು 275 ಮೆಗಾವ್ಯಾಟ್ ವಿದ್ಯುತ್ ಬೇಕೆಂದು ಅಂದಾಜಿಸಲಾಗಿದೆ. ವಿದ್ಯುತ್ ಕೊಡಬೇಕಾಗಿದ್ದ ಹಳ್ಳಗಳೇ ವಿದ್ಯುತ್ ಬೇಡುವ ಯೋಜನೆಯ ಮೂಲವಾದದ್ದು ಗಮನಾರ್ಹ.

ಅಧ್ಯಯನದ ಮಹತ್ವ

ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಹಾಗೂ ಪರಿಸರ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಈ ಪ್ರಕರಣವು ಮೂರು ಪ್ರಶ್ನೆಗಳನ್ನು ಒಡ್ಡುತ್ತದೆ: ಯೋಜನೆಯ ನಿಜವಾದ ವೆಚ್ಚವನ್ನು ಅಳೆಯುವ ಬಗೆ, ನಿರ್ಧಾರದಲ್ಲಿ ಗ್ರಾಮಸಭೆಯ ಸ್ಥಾನ, ಮತ್ತು ಒಂದೇ ನೀರಿಗೆ ಇರುವ ಹಲವು ಹಕ್ಕುದಾರರ ನಡುವೆ ಆದ್ಯತೆಯ ನಿರ್ಣಯ.