ಬಳೆಗಾರಗುಂಡಿನಿಂದ ಯೂನಿಕೋಡ್‌ವರೆಗೆ: ಕನ್ನಡ ಅಕ್ಷರಸಂಕೇತದ ಶಿಷ್ಟತೆ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನವಿರುವ ಬಂಡೆಗೆ ಬಳೆಗಾರಗುಂಡು ಎಂದು ಹೆಸರು. ಜಾತ್ರೆಯ ಹೊತ್ತಿಗೆ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದರು. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಇದನ್ನೂ ಸಮೀಪದ ಬ್ರಹ್ಮಗಿರಿ, ಸಿದ್ದಾಪುರದ ಶಾಸನಗಳನ್ನೂ ಬೆಳಕಿಗೆ ತಂದರು. ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆಯೇ ಮೂರೂ ಕಡೆಯ ಪಾಠ. ಲಿಪಿಕಾರ ಚಪಡ ಆಜ್ಞೆಯನ್ನು ಬ್ರಾಹ್ಮಿಯಲ್ಲಿ ಬರೆದು, ತನ್ನ ಹುದ್ದೆಯ ಹೆಸರನ್ನು ಮಾತ್ರ ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ ಬರೆದ. ಆ ಎರಡೂ ಲಿಪಿಗಳಿಗೆ ಇಂದು, ಗಣಕದಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಸ್ಥಾನವಿದೆ: ಖರೋಷ್ಠಿ 2005ರಲ್ಲಿ ಸೇರಿತು, ಬ್ರಾಹ್ಮಿ 2010ರಲ್ಲಿ.

ಬ್ರಾಹ್ಮಿಯಿಂದ ಕವಲೊಡೆದ ಲಿಪಿಗಳ ಆಕಾರ ಬೇರೆಯಾದರೂ ಅಕ್ಷರಗಳ ಕ್ರಮ ಬಹುಪಾಲು ಉಳಿಯಿತು. ಭಾರತೀಯ ಮಾನಕ ಬ್ಯೂರೊ 1991ರಲ್ಲಿ ಐಎಸ್ 13194 ಎಂದು ಪ್ರಕಟಿಸಿದ ಇಸ್ಕಿ ಸಂಕೇತ ನಿಂತದ್ದು ಈ ಕ್ರಮದ ಮೇಲೆಯೇ. ಅದರಲ್ಲಿ ದೇವನಾಗರಿಯ ಕ, ತೆಲುಗಿನ ಕ, ಕನ್ನಡದ ಕ ಮೂರಕ್ಕೂ ಒಂದೇ ಸಂಖ್ಯೆ. ಲಿಪಿ ಬದಲಿಸಿದರೆ ಅದೇ ಪಠ್ಯ ಇನ್ನೊಂದು ಲಿಪಿಯಲ್ಲಿ ತೋರುತ್ತದೆ. ಇಸ್ಕಿಯ ಹಿಂದಿನ, 1988ರ ಆವೃತ್ತಿಯನ್ನೇ ಆಧಾರವಾಗಿಟ್ಟುಕೊಂಡು ಯೂನಿಕೋಡ್ ಭಾರತೀಯ ಲಿಪಿಗಳ ವಿಭಾಗಗಳನ್ನು ಜೋಡಿಸಿತು. ದೇವನಾಗರಿ ಕ 0915, ತೆಲುಗು ಕ 0C15, ಕನ್ನಡ ಕ 0C95: ಸಂಖ್ಯೆಗಳ ನಡುವಿನ ಅಂತರದಲ್ಲಿ ಆ ಹಳೆಯ ನಂಟು ಇನ್ನೂ ಕಾಣುತ್ತದೆ.

ಇಷ್ಟಾದರೂ ಕನ್ನಡದ ಕಚೇರಿ, ಮುದ್ರಣಾಲಯಗಳಲ್ಲಿ ಇಸ್ಕಿ ಬೇರೂರಲಿಲ್ಲ. ತಂತ್ರಾಂಶ ತಯಾರಕರು ಫಾಂಟ್‌ನ ಆಕೃತಿಗಳಿಗೆ ತಮ್ಮದೇ ಸಂಖ್ಯೆ ಕೊಟ್ಟುಕೊಂಡರು. ಒಂದರಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ರಾಶಿ. ರಾಜ್ಯ ಸರ್ಕಾರದ ಬೆಂಬಲದೊಡನೆ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶವೂ, ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯೂ ಈ ಗೊಂದಲವನ್ನು ಬಹಳಷ್ಟು ತಗ್ಗಿಸಿದವು. ಕೀಲಿಮಣೆ ಇಂದಿಗೂ ಕನ್ನಡಿಗರ ಬೆರಳಿಗೆ ಹತ್ತಿರ. ಆದರೆ ಫಾಂಟ್ ಆಧಾರಿತ ಸಂಕೇತದಲ್ಲಿ ಅಂತರಜಾಲದ ಹುಡುಕಾಟ ಸಾಧ್ಯವಿರಲಿಲ್ಲ. ಕೇಂದ್ರ ಸರ್ಕಾರ ಇ-ಆಡಳಿತಕ್ಕೆ ಯೂನಿಕೋಡನ್ನು ಶಿಷ್ಟತೆಯೆಂದು ನಿಗದಿಪಡಿಸಿದ್ದು 2009ರಲ್ಲಿ. ಇಸ್ಕಿ ಪ್ರಕಟವಾಗಿ ಆಗಲೇ ಹದಿನೆಂಟು ವರ್ಷ. ಶಿಷ್ಟತೆಯನ್ನು ಬರೆಯುವುದರಲ್ಲಿ ಸರ್ಕಾರಗಳು ಸೋಲಲಿಲ್ಲ. ತಮ್ಮ ಕಚೇರಿಗಳು ಕೊಳ್ಳುವ ತಂತ್ರಾಂಶದಲ್ಲಿ ಅದು ಇರಲೇಬೇಕೆಂದು ಹಟ ಹಿಡಿಯದಿದ್ದದ್ದೇ ಸೋಲು. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಹೊರೆ ಈ ಸೋಲಿನಿಂದ ಬಂದದ್ದು.

ಭಾಷೆ ಬಲ್ಲವರು ನಿರ್ಣಯದ ಮೇಜಿನ ಬಳಿ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಹಳಗನ್ನಡದ ೞ ಸಾಕ್ಷಿ. 0CDE ಸ್ಥಾನದ ಈ ಅಕ್ಷರಕ್ಕೆ ಯೂನಿಕೋಡ್ ‘ಎಫ್‌ಎ’ ಎಂಬ ತಪ್ಪು ಹೆಸರಿಟ್ಟಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲವೆಂಬುದು ಅಲ್ಲಿನ ನಿಯಮ. ಹಾಗಾಗಿ ಸರಿಯಾದ ಹೆಸರನ್ನು ಪರ್ಯಾಯವಾಗಿ ದಾಖಲಿಸಬೇಕಾಯಿತು. ಸ್ವರವಿಲ್ಲದ ನಕಾರವನ್ನು ಹಳೆಯ ಬರಹಗಳಲ್ಲಿ ಸೂಚಿಸುತ್ತಿದ್ದ ನಕಾರಪೊಲ್ಲು ಯೂನಿಕೋಡ್ ಸೇರಲು 2021ರವರೆಗೆ ಕಾಯಬೇಕಾಯಿತು. ಅದಕ್ಕೆ ಸಿಕ್ಕ ಸ್ಥಾನ 0CDD, ೞದ ಪಕ್ಕದಲ್ಲೇ.