ವ್ಯಂಗ್ಯಕೋಶ

ನಿತ್ಯಬಳಕೆಯ ಪದಗಳಿಗೆ ವ್ಯಂಗ್ಯಾರ್ಥ ಕೊಡುವ ಹಾಸ್ಯ ಸಾಹಿತ್ಯ ಪ್ರಕಾರ. ರೂಪದಲ್ಲಿ ಇದು ನಿಘಂಟೇ: ಅಕಾರಾದಿ ಕ್ರಮ, ಮುಖ್ಯ ಪದ, ಚುಟುಕು ವಿವರಣೆ. ಆದರೆ ಅರ್ಥ ಹೇಳುವ ನೆಪದಲ್ಲಿ ಸಮಾಜದ ಸೋಗು, ಅಧಿಕಾರದ ದರ್ಪ, ಸಂಸಾರದ ಪೇಚುಗಳನ್ನು ಕುಟುಕುವುದೇ ಇದರ ಗುರಿ. ನಿಘಂಟಿನ ಗಂಭೀರ ಧಾಟಿಗೂ ಹೇಳುವ ಕಿಡಿಗೇಡಿ ಮಾತಿಗೂ ಇರುವ ವಿರೋಧದಿಂದ ನಗೆ ಹುಟ್ಟುತ್ತದೆ.

ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ಇಂಗ್ಲಿಷ್ ನಿಘಂಟಿನಲ್ಲೇ ಇಂಥ ಕೆಲವು ಚುಚ್ಚುನುಡಿಗಳಿವೆ. ನಿಘಂಟುಕಾರನ ದುಡಿಮೆಯನ್ನೂ ಆತ ಗೇಲಿಮಾಡಿದ್ದಾನೆ. ಪ್ರಕಾರಕ್ಕೆ ಖ್ಯಾತಿ ತಂದವನು ಅಮೆರಿಕದ ಪತ್ರಕರ್ತ ಆ್ಯಂಬ್ರೋಸ್ ಬಿಯರ್ಸ್. ಪತ್ರಿಕೆಗಳಿಗೆ ಬಿಡಿಬಿಡಿಯಾಗಿ ಬರೆದ ಅರ್ಥಗಳನ್ನು 1906ರಲ್ಲಿ ‘ದಿ ಸಿನಿಕ್ಸ್ ವರ್ಡ್ ಬುಕ್’ ಆಗಿ ಸಂಕಲಿಸಿದ; 1911ರಲ್ಲಿ ಅದು ವಿಸ್ತಾರಗೊಂಡು ‘ದಿ ಡೆವಿಲ್ಸ್ ಡಿಕ್ಷನರಿ’ ಆಯಿತು. ಫ್ರೆಂಚ್ ಕಾದಂಬರಿಕಾರ ಫ್ಲೋಬೇರನ ಇಂಥದೇ ಕೋಶ ಅವನ ಮರಣಾನಂತರ ಬೆಳಕು ಕಂಡಿತು.

ಕನ್ನಡದಲ್ಲಿ ಈ ಪ್ರಕಾರದ ಪ್ರಸಿದ್ಧ ಕೃತಿ ನಾ. ಕಸ್ತೂರಿಯವರ (1897–1987) ‘ಅನರ್ಥಕೋಶ’. ಮಲಯಾಳಂ ಮನೆಮಾತಿನ ಕಸ್ತೂರಿ ಮೈಸೂರಿನಲ್ಲಿ ಇತಿಹಾಸದ ಅಧ್ಯಾಪಕರಾಗಿದ್ದರು. ಡಾ. ಎಂ. ಶಿವರಾಂ (ರಾಶಿ) 1942ರಲ್ಲಿ ಆರಂಭಿಸಿದ ಹಾಸ್ಯ ಮಾಸಪತ್ರಿಕೆ ‘ಕೊರವಂಜಿ’ಯ ಪ್ರಮುಖ ಲೇಖಕರಲ್ಲಿ ಅವರೂ ಒಬ್ಬರು. ಪದವನ್ನು ಒಡೆದು, ಸದ್ದನ್ನು ತಿರುಚಿ, ಶ್ಲೇಷೆಯಿಂದ ಅನರ್ಥ ಹೊರಡಿಸುವುದು ಅವರ ಮುಖ್ಯ ತಂತ್ರ. ಬಿಯರ್ಸ್‌ನಲ್ಲಿ ಕಹಿ ಮೇಲುಗೈಯಾದರೆ ಕಸ್ತೂರಿಯವರಲ್ಲಿ ತುಂಟತನವೇ ಹೆಚ್ಚು.